ಮಗಳು ಆಕಾಶದಲ್ಲಿದ್ದಾಗ ಕಸ ಗುಡಿಸಿದ್ದು

“ಪೊರಕೆ ಕೆಳಗಿಡೇ!” ಎಂದು ನಾನು ಕೂಗಿದ್ದಕ್ಕೆ ಸೊಸೆ ಬೆಚ್ಚಿಬಿದ್ದಳು. ಅಷ್ಟರಲ್ಲಿ ಅರ್ಧ ನಡುಮನೆ ಗುಡಿಸಿಬಿಟ್ಟಿದ್ದಳು. ಊರಿಗೆ ಹೊರಟವರು ತಲುಪುವವರೆಗೆ ಮನೆ ಗುಡಿಸಬಾರದು, ಗುಡಿಸಿದರೆ ಅವರು ತಿರುಗಿ ಬರುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಅಂದು ಬೆಳಿಗ್ಗೆಯಷ್ಟೇ ಮಗಳು ದೆಹಲಿಗೆ ವಿಮಾನ ಹತ್ತಿದ್ದಳು. ಅಲ್ಲಿ ಕೆಲಸದಲ್ಲಿರುವ ಅಳಿಯನಿಗೆ ತುರ್ತು ಆಪರೇಷನ್ ಎಂದು ತಂತಿ ಬಂದಿತ್ತು. ರೈಲಾದರೆ ಎರಡು ದಿನದ ಮೇಲೆ ಹಿಡಿಯುತ್ತದೆ.

“ಅತ್ತೆ, ಸಾವಿರ ಮೈಲಿ ಆದ್ರೂ ವಿಮಾನಕ್ಕೆ ಎರಡೂವರೆ ಗಂಟೆ ಅಷ್ಟೆ. ಇಷ್ಟೊತ್ತಿಗೆ ಅವರು ಇಳಿದಾಗಿರುತ್ತೆ,” ಎಂದಳು ಸೊಸೆ.

“ನೀನು ಹೋಗಿ ನೋಡ್ಕೊಂಡು ಬಂದ್ಯಾ? ತಿಪಟೂರಿನ ಬಸ್ಸೇ ಅದಕ್ಕಿಂತ ಹೊತ್ತು ತಗೊಳುತ್ತೆ!”

ಗದರಿದೆನೇ ಹೊರತು ಭಯ ಹೋಗಲಿಲ್ಲ. ಒಟ್ಟುಮಾಡಿದ್ದ ಕಸವನ್ನು ಹೊರಗೆ ಹಾಕಲು ಬಿಡದೆ ಅದರ ಪಕ್ಕದಲ್ಲೇ ಕುಳಿತೆ. ಊಟ ಸೇರಲಿಲ್ಲ. ಮೇಲೆ ಏನು ಸದ್ದಾದರೂ ಬಾಗಿಲಿಗೆ ಓಡಿ ಆಕಾಶ ನೋಡಿದೆ.

ಮಧ್ಯಾಹ್ನ, ರಾಜಾಜಿನಗರದ ನಮ್ಮ ಬೀದಿಯಲ್ಲಿ ಫೋನಿರುವ ಒಂದೇ ಮನೆಯವರು ನನ್ನನ್ನು ಕೂಗಿದರು. ದೆಹಲಿಯಿಂದ ಟ್ರಂಕ್ ಕಾಲ್. ಓಡಿಹೋಗಿ ಹಿಡಿದೆ.

“ಅಮ್ಮಾ, ಆಸ್ಪತ್ರೆಲಿದೀನಿ. ಇವರಿಗೆ ಎಚ್ಚರ ಆಗಿದೆ, ಮಾತಾಡಿದ್ರು,” ಎಂದಳು ಮಗಳು.

“ನಿಜವಾಗ್ಲೂ ಡೆಲ್ಲಿಲೇ ಇದೀಯೇನೇ?” ಎಂದು ಎರಡೆರಡು ಸಲ ಕೇಳಿದೆ. ಮೂರನೇ ಸಲ ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ಮಗಳೇನೋ ಅರ್ಧ ದಿನದಲ್ಲಿ ತಲುಪಿದಳು. ನನ್ನ ಭಯ ಮಾತ್ರ ರೈಲಿನಲ್ಲಿ ಹೊರಟಿತ್ತು ಅಂತ ಕಾಣುತ್ತದೆ, ಅದು ಇಳಿದದ್ದು ಮೂರನೇ ದಿನ.