ಮೇನ್ ಸ್ವಿಚ್ಚಿನ ಮೇಲಿನ ಕೈ

"ಬಂದ್ ಮಾಡ್ಲೇನ್ರಿ, ಸರ?"

ಕಳೆದ ಮಂಗಳವಾರದಿಂದ ಈ ಪ್ರಶ್ನೆ ನನ್ನ ಕಿವಿ ಬಿಟ್ಟು ಕದಲಿಲ್ಲ.

ನಿಮಗೆ ಗೊತ್ತೇ ಇದೆ, ಹಿರೇಕೆರೂರಿನ ಹತ್ತಿ ಗಿರಣಿಯೊಂದರಲ್ಲಿ ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತೇನೆ. ಪ್ರೋಗ್ರಾಂ ಭಾಷೆಗಳಲ್ಲಿ ಬೇಸಿಕ್ ಮಕ್ಕಳಾಟ, ಕೆಲಸಕ್ಕೆ ಕೋಬಾಲ್ ಬೇಕು ಎಂದು ಈ ಅಂಕಣದಲ್ಲೇ ಜಗಳ ತೆಗೆದವನೂ ನಾನೇ. ಕಾಫಿ ಇಲ್ಲದೆ ಎರಡನ್ನೂ ಬರೆಯಲಾಗದು ಎಂಬುದು ನನ್ನ ಇನ್ನೊಂದು ಸಿದ್ಧಾಂತ. (ಚಹಾದ ಊರಲ್ಲಿ ಈ ಶೋಕಿ ಬೇಕಿತ್ತೇ?)

ಮಷೀನು ಬಂದ ದಿನವೇ ಬಾಗಿಲಿಗೆ ಬೋರ್ಡು ಬರೆಸಿದ್ದೆ. ಚಪ್ಪಲಿ ಹೊರಗೆ ಬಿಡಿ. ನನ್ನನ್ನು ಕೇಳದೆ ಯಾವ ಸ್ವಿಚ್ಚನ್ನೂ ಆರಿಸಬೇಡಿ. ಗಿರಣಿಯ ತುಂಬ ಹತ್ತಿಯ ಧೂಳು, ಫ್ಲಾಪಿಗೆ ಅದು ವಿಷ. ಹಾಗಾಗಿ ಕಸಗುಡಿಸುವ ಗಂಗವ್ವ ದಿನಕ್ಕೆ ಮೂರು ಸಲ ಒದ್ದೆ ಅರಿವೆಯಿಂದ ಆ ಕೋಣೆ ಒರೆಸುತ್ತಾಳೆ. ನನ್ನ ಕಾಫಿಗೆ ನೀರು ಕಾಯಿಸುವುದೂ ಅಲ್ಲೇ. ಸ್ಟೆಬಿಲೈಸರ್ ಇರುವ ಕೋಣೆ ಅದೊಂದೇ, ಬೇರೆಡೆಯ ವೋಲ್ಟೇಜಿಗೆ ನೀರು ಬೆಚ್ಚಗೂ ಆಗುವುದಿಲ್ಲ.

ಕಂಪ್ಯೂಟರಿಗೆಂದು ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಅರ್ತಿಂಗ್ ಮಾಡಿಸಿದ್ದೆ. ಕಾಫಿಯ ನೀರು ಕಾಯಿಸುವ ಕರೆಂಟಿನ ಕೆಟಲಿಗೆ ಇದ್ದದ್ದು ಎರಡೇ ಪಿನ್ನು, ಅರ್ತಿಂಗಿನ ಮೂರನೆಯದು ಇಲ್ಲ. ನೋಡಿದ್ದೆ. ಓದಿದವನು ನಾನು, ಗೊತ್ತಿತ್ತು.

"ಕಾಫಿ ಸ್ಟ್ರಾಂಗ್ ಇರ್ಲಿ, ಗಂಗವ್ವಾ," ಎಂದೆ, ಆ ಮಂಗಳವಾರವೂ.

"ಆ ಕಹಿ ಕುಡದು ಕುಡದು ನಿಮ್ಮ ಮಾರಿನೂ ಕಹಿ ಆಗೇತ್ರಿ, ಸರ. ಚಾ ಕುಡೀರಿ, ನಗು ಬರತೈತಿ!"

ಅವಳೇ ನಕ್ಕಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಟಲ್ ಹಿಡಿದಳು. ನಗು ಅರ್ಧಕ್ಕೇ ನಿಂತಿತು. ಕರೆಂಟು ಹಿಡಿದಿತ್ತು. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ.

ಗುಮಾಸ್ತ ಬಸಣ್ಣ ಮೇನ್ ಸ್ವಿಚ್ಚಿಗೆ ಹಾರಿದ. ಹಿಡಿಕೆ ಹಿಡಿದ. ನಿಂತ. ನನ್ನ ಮುಖ ನೋಡಿದ.

"ಬಂದ್ ಮಾಡ್ಲೇನ್ರಿ, ಸರ?"

ಹೆಂಗಸೊಬ್ಬಳು ಕಣ್ಣೆದುರು ನಡುಗುತ್ತಿದ್ದಾಗ ಅನುಮತಿ ಕೇಳಿದ! ಏಕೆ ಕೇಳಬಾರದು? ಹೋದ ತಿಂಗಳು ಕೇಳದೆ ಆರಿಸಿದನೆಂದು ಎಲ್ಲರೆದುರು ಅವನ ಮಾನ ತೆಗೆದವನು ನಾನು.

ನಾನೇನು ಮಾಡಿದೆ? ಪರದೆಯ ಕಡೆ ನೋಡಿದೆ. ಬೆಳಗಿನಿಂದ ಟೈಪ್ ಮಾಡಿದ್ದು ಸೇವ್ ಆಗಿರಲಿಲ್ಲ. ಆಮೇಲೆ, "ಮಾಡೋ!" ಎಂದು ಕಿರುಚಿದೆ.

ಗಂಗವ್ವ ಬದುಕಿದಳು. ಅಂಗೈ ಸುಟ್ಟಿದೆ.

ಓಡಿ ಬಂದ ಮಾಲೀಕರ ಮೊದಲ ಮಾತು: "ಮಷೀನಿಗೆ ಏನೂ ಆಗಿಲ್ಲಲ್ಲರಿ?"

ಮೈಯೆಲ್ಲ ಉರಿದುಹೋಯಿತು. ಆದರೆ ಅವರು ಬಾಯಿಬಿಟ್ಟು ಕೇಳಿದ್ದನ್ನು ನಾನು ಅವರಿಗಿಂತ ಮೊದಲೇ ಕಣ್ಣಲ್ಲಿ ಕೇಳಿಯಾಗಿತ್ತು.

ಬೋರ್ಡು ಕಿತ್ತು ಮುರಿದೆ. ಕೆಟಲು ತಿಪ್ಪೆಗೆ ಹೋಯಿತು. ನಿನ್ನೆ ಗಂಗವ್ವ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಳು, ಚಪ್ಪಲಿ ಹೊರಗೇ ಬಿಟ್ಟು.

"ಹಾಕ್ಕೊಂಡ ಬಾರವ್ವಾ!" ಎಂದು ರೇಗಿದೆ.

"ಧೂಳ ಆಕ್ಕೈತ್ರಿ, ಸರ," ಎಂದಳು. "ಬಸಣ್ಣ ಅಂದ, ನೀವ ನನ್ನ ಉಳಿಸಿದ್ರಂತ."

ಬಸಣ್ಣ ಕೇಳಿದ್ದಕ್ಕೂ ನಾನು ಕಿರುಚಿದ್ದಕ್ಕೂ ನಡುವೆ ಎಷ್ಟು ಹೊತ್ತಾಗಿತ್ತು ಎಂದು ಅವಳೊಂದು ದಿನ ಕೇಳಿದರೆ, ಏನು ಹೇಳಲಿ?