ಪಾಸ್‌ವರ್ಡ್ ಇಲ್ಲದ ವೈ-ಫೈ ಮತ್ತು ನಾನು ಕೇಳದೆ ಬಿಟ್ಟ ಪ್ರಶ್ನೆ

2009ರ ಕೊನೆಯಲ್ಲಿ ನಾನು ಕೊಪ್ಪದಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಆಗಿದ್ದೆ. ಶೃಂಗೇರಿ ಠಾಣೆಯೂ ನನ್ನ ವ್ಯಾಪ್ತಿಯಲ್ಲಿತ್ತು. ಒಂದು ಬೆಳಿಗ್ಗೆ ಅಲ್ಲಿಗೆ ಹೋದಾಗ ಲಾಡ್ಜ್ ನಡೆಸುವ ಅನಂತಯ್ಯ ದೂರು ಹಿಡಿದು ಕಾಯುತ್ತಿದ್ದರು.

ಯಾತ್ರಿಗಳಿಗಾಗಿ ಅವರು ವೈ-ಫೈ ಹಾಕಿಸಿದ್ದರು. ಪಾಸ್‌ವರ್ಡ್ ಇಟ್ಟಿರಲಿಲ್ಲ. ನೆಟ್ ನಿಧಾನವೆಂದು ಮೆಕ್ಯಾನಿಕ್ ಕರೆಸಿದರೆ, ಪಕ್ಕದ ಮನೆಯ ರೇಖಾ ಅವರ ಲ್ಯಾಪ್‌ಟಾಪ್ ಹೆಸರು ರೂಟರಿನ ಪಟ್ಟಿಯಲ್ಲಿ ಸಿಕ್ಕಿತ್ತು.

"ಕಳ್ಳತನ ಅಲ್ದೆ ಇನ್ನೆಂತದು ಸಾರ್ ಇದು? ಕೇಸ್ ಹಾಕಿ," ಎಂದರು.

ಮಾಲೀಕರ ಅಥವಾ ಉಸ್ತುವಾರಿಯವರ ಅನುಮತಿಯಿಲ್ಲದೆ ನೆಟ್‌ವರ್ಕ್ ಬಳಸುವುದು ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ತಪ್ಪು. ಬಾಗಿಲು ತೆರೆದಿತ್ತು ಎಂಬುದು ಅನುಮತಿಯಾಗದು. ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು. ಕಾಯ್ದೆಯ ಈ ತಿದ್ದುಪಡಿ ಆಗಷ್ಟೇ ಜಾರಿಗೆ ಬಂದಿತ್ತು. ಮೊದಲ ಕೇಸು ನನ್ನದೇ ಆಗಲಿ ಎಂಬ ಹುಮ್ಮಸ್ಸೂ ನನಗಿತ್ತು, ಸುಳ್ಳೇಕೆ ಹೇಳಲಿ!

ರೇಖಾ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಸರ್ಕಾರಿ ಉಪನ್ಯಾಸಕಿಯಾಗಿ ಆಯ್ಕೆಯಾಗಿ, ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿಯಿತ್ತು. ಎಫ್‌ಐಆರ್ ಬಿದ್ದರೆ ಆ ಕೆಲಸ ಕೈತಪ್ಪುವುದು ಖಂಡಿತ. ಅದು ಗೊತ್ತಿದ್ದೂ ಅವರನ್ನು ಠಾಣೆಗೆ ಕರೆಸಿದೆ.

"ಬಳಸಿದ್ದು ಹೌದು ಸಾರ್. ಪರೀಕ್ಷೆಗೆ ಓದ್ಲಿಕ್ಕೆ. ಕೇಳಿಯೇ ಬಳಸಿದ್ದು."

"ಯಾರನ್ನ ಕೇಳಿದ್ರಿ?"

ಹೆಸರು ಹೇಳಲಾರೆ ಎಂದು ತಲೆಯಾಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ಬಿಡುವ ತನಕ ಕೂತಿರಿ ಎಂದು ಗದರಿ, ರಸ್ತೆಗೆ ಕಾಣುವ ಜಗಲಿಯ ಬೆಂಚಿನಲ್ಲಿ ಕೂರಿಸಿದೆ. ಕಾಲೇಜಿಗೆ ಹೋಗುವ ಮಕ್ಕಳೆಲ್ಲ ನೋಡಿಕೊಂಡೇ ಹೋದರು.

ಮಧ್ಯಾಹ್ನ ಅನಂತಯ್ಯನವರ ಹೆಂಡತಿ ಸಾವಿತ್ರಮ್ಮ ಏದುಸಿರು ಬಿಡುತ್ತ ಬಂದರು.

"ಅವಳು ನನ್ನ ಕೇಳಿದ್ಲು. ನಾನೇ ಬಳಸ್ಕೋ ಮಾರಾಯ್ತಿ ಅಂದೆ."

"ನೀ ಯಾರೇ ಹೇಳ್ಲಿಕ್ಕೆ?" ಠಾಣೆಯಲ್ಲೇ ಕೂತಿದ್ದ ಗಂಡ ಎದ್ದು ನಿಂತರು.

"ಕನೆಕ್ಷನ್ ಯಾರ ಹೆಸರಲ್ಲಿದೆ, ಸಾಹೇಬ್ರಿಗೆ ತೋರ್ಸಿ."

ಕಾಗದ ತರಿಸಿದೆ. ಲಾಡ್ಜ್ ಇದ್ದ ಜಾಗ ಸಾವಿತ್ರಮ್ಮನ ತವರಿನದು. ಫೋನು, ಇಂಟರ್ನೆಟ್ ಎರಡೂ ಅವರ ಹೆಸರಿನಲ್ಲೇ ಇದ್ದವು. ಕಾನೂನು ಕೇಳುವ ಅನುಮತಿ ಮೊದಲೇ ಸಿಕ್ಕಿತ್ತು; ಅಪರಾಧವೇ ಇರಲಿಲ್ಲ.

ನಾನು ಇದೇ ತಾಲೂಕಿನ ಬೇಗಾರಿನಲ್ಲಿ ಬೆಳೆದವನು. ಮೊಸರಿಗೆ ಹೆಪ್ಪು ಬೇಕಿರಲಿ, ನಾಲ್ಕೆಸಳು ಕರಿಬೇವು ಬೇಕಿರಲಿ, ನಮ್ಮ ಕಡೆ ಹಿತ್ತಲ ಬಾಗಿಲಲ್ಲಿ ಮನೆಯಾಕೆಯನ್ನೇ ಕೇಳುವುದು. ಯಜಮಾನರ ಕಿವಿಗೆ ಅದು ಬೀಳುವುದೂ ಇಲ್ಲ. ಇಷ್ಟು ತಿಳಿದಿದ್ದೂ ದೂರು ಕೊಟ್ಟವರನ್ನೇ ಮಾಲೀಕರೆಂದು ಬರೆದುಕೊಂಡಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ರೇಖಾ ಅವರನ್ನು ಕೇಳಿದೆ.

"ಸಾವಿತ್ರಕ್ಕ ಮನೇಲಿ ಬೈಸ್ಕೊಳ್ಳೋದು ಬೇಡ ಅಂತ."

ವೆರಿಫಿಕೇಶನ್ ವರದಿಯಲ್ಲಿ ಏನೂ ಇರುವುದಿಲ್ಲ, ಹೋಗಿಬನ್ನಿ ಎಂದೆ. ಅವರು ಎದ್ದರು.

"ಸರ್ಕಾರಕ್ಕೆ ನೀವು ಬರ್ಕೊಡ್ತೀರಿ ಸಾರ್. ಬೆಳಿಗ್ಗೆಯಿಂದ ನನ್ನ ನೋಡ್ಕೊಂಡು ಹೋದ ಮಕ್ಕಳಿಗೆ ಯಾರು ಹೇಳ್ತಾರೆ?"

ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಯೂನಿಫಾರ್ಮಿನಲ್ಲೇ ಅವರ ತರಗತಿಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಮಕ್ಕಳೆಲ್ಲ ನನ್ನತ್ತ ನೋಡುತ್ತಿದ್ದರು. ರೇಖಾ ಮಾತ್ರ ಬೋರ್ಡಿನ ಕಡೆ ತಿರುಗಿ ನಿಂತವರು, ನಾನು ಹೊರಡುವವರೆಗೂ ಇತ್ತ ತಿರುಗಲಿಲ್ಲ.