ಅಧ್ಯಕ್ಷರ ಹಲ್ಲು, ಅಕ್ಕನ ಮಾತು

ನಾನು ಚಿಕ್ಕವನಿದ್ದಾಗ ನಾವು ಮಸ್ಕತ್ತಿನ ಮತ್ರಾದಲ್ಲಿದ್ದೆವು. ಅಲ್ಲಿನ ಹಳೇ ಪೇಟೆಯಲ್ಲಿ, ಬೇರೆ ಬೇರೆ ದೇಶದ ನೋಟು ಬದಲಾಯಿಸಿಕೊಡುವ ಅಂಗಡಿಯಲ್ಲಿ ಅಪ್ಪನಿಗೆ ಕೆಲಸ. ಓಣಿಯ ತುಂಬ ಲೋಬಾನದ ಹೊಗೆ, ಕಡಲ ಕಡೆಯಿಂದ ಮೀನಿನ ವಾಸನೆ. ಸಂಜೆ ಮನೆಗೆ ಬಂದ ಅಪ್ಪನ ಅಂಗಿಯಲ್ಲೂ ಅವೆರಡೂ ಇರುತ್ತಿದ್ದವು.

ಒಂದು ಸಲ ಅಕ್ಕ ಮೆಟ್ಟಿಲಲ್ಲಿ ಜಾರಿ ಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡಳು. ಹಾಲುಹಲ್ಲಾಗಿದ್ದರೆ ಚಿಂತೆಯಿರಲಿಲ್ಲ, ಇವು ಮತ್ತೆ ಹುಟ್ಟುವ ಹಲ್ಲುಗಳಲ್ಲ. ಆ ಶುಕ್ರವಾರ ನಮ್ಮ ಊರ ಕಡೆಯ ಕುಟುಂಬಗಳೆಲ್ಲ ಸೇರುವ ಕೂಟವಿತ್ತು. ಸ್ವಾಗತ ಭಾಷಣ ಅಕ್ಕನದು. ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದವಳು ಈಗ ಕನ್ನಡಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಏನು ಕೇಳಿದರೂ ತಲೆಯಾಡಿಸುವುದು, ಇಲ್ಲವೇ ಕೈಸನ್ನೆ. ಪಟಪಟ ಮಾತಾಡುವ ಅಕ್ಕ ಹಾಗೆ ಸುಮ್ಮನಾದದ್ದು ಕಂಡು ನನಗೆ ಅಳು ಬರುತ್ತಿತ್ತು.

ಕೂಟದ ದಿನ ಬೆಳಿಗ್ಗೆ ಅವಳು ಮಂಚದಿಂದ ಏಳಲೇ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು, ಒಂದು ಡಾಲರಿನ ನೋಟನ್ನು ಅವಳ ಮುಖದೆದುರು ಹಿಡಿದರು.

"ಇವರು ಅಮೆರಿಕದ ಮೊದಲನೇ ಅಧ್ಯಕ್ಷರು. ಬಾಯಿ ಹೇಗೆ ಬಿಗಿ ಹಿಡ್ಕೊಂಡಿದ್ದಾರೆ ನೋಡು. ಅಧ್ಯಕ್ಷರಾಗುವಾಗ ಸ್ವಂತದ್ದು ಅಂತ ಉಳಿದದ್ದು ಒಂದೇ ಹಲ್ಲಂತೆ. ಬಾಕಿಯೆಲ್ಲ ಮರದ್ದು. ಅಂಗಡಿಗೆ ಬರುವ ಅಮೆರಿಕದ ಎಂಜಿನಿಯರ್ ಹೇಳಿದ್ದು."

ಬಾಯಿಗೆ ಅಡ್ಡ ಇಟ್ಟಿದ್ದ ಕೈಯನ್ನು ಅಕ್ಕ ಮರೆತೇಬಿಟ್ಟಳು. "ಮರದ್ದಾ? ಗೆದ್ದಲು ಹಿಡಿಯುದಿಲ್ವಾ ಅಪ್ಪ?"

ಮೊದಲು ಅಪ್ಪ ನಕ್ಕರು, ಆಮೇಲೆ ನಾನು, ಕೊನೆಗೆ ಅಕ್ಕನೂ. ಆ ನಗು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

"ಎರಡನೇ ಸಲ ಅಧ್ಯಕ್ಷರಾದಾಗ ನಾಲ್ಕೇ ಮಾತಾಡಿ ಕೂತರಂತೆ" ಎಂದರು ಅಪ್ಪ. "ನೀನೂ ನಾಲ್ಕೇ ಮಾತಾಡು ಮಗಾ. ಸುಮ್ಮನೆ ಮಾತ್ರ ಕೂರುದು ಬೇಡ."

ಸಂಜೆ ಪರಿಚಯದವರೊಬ್ಬರ ಮನೆಯ ತಾರಸಿಯಲ್ಲಿ ಚಾಪೆ ಹಾಸಿದ್ದರು. ಕೆಳಗಿನಿಂದ ಗೋಳಿಬಜೆ ಕರಿಯುವ ಪರಿಮಳ ಬರುತ್ತಿತ್ತು. ಅಕ್ಕ ಎದ್ದು ನಿಂತಳು. ಮೊದಲ ಮಾತಿಗೇ ಹಲ್ಲಿನ ಸಂದಿಯಿಂದ ಗಾಳಿ ಸುಯ್ಯೆಂದಿತು. ಮುಂದೆ ಕೂತ ಮಕ್ಕಳು ಕಿಸಕ್ಕನೆ ನಕ್ಕರು. ಅವಳ ಕೈ ಬಾಯಿಯ ಕಡೆ ಅರ್ಧ ಎದ್ದಿತು. ಆದರೆ ಕೈ ಕೆಳಗಿಳಿಯಿತು. ಅವರ ಜೊತೆ ತಾನೂ ನಕ್ಕು ಅಕ್ಕ ಮುಂದುವರಿಸಿದಳು. ನಾಲ್ಕು ಮಾತಿಗೆಲ್ಲ ನಿಲ್ಲಿಸುವವಳೇ ಅವಳು? ಬಾಯಿಪಾಠ ಮಾಡಿದ್ದಷ್ಟನ್ನೂ ಹೇಳಿಯೇ ಕೂತಳು.

ಮೊನ್ನೆ ಮಸ್ಕತ್ತಿನದೇ ಬಡಾವಣೆಯಾದ ಅಲ್ ಮವಾಲೇಹ್‌ನಲ್ಲಿ, ಮಗನ ಮನೆಯಲ್ಲಿ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ನನ್ನ ಕಥೆ ಮುಗಿಯುವ ಮೊದಲೇ ಅವಳು ಫೋನಿನಲ್ಲಿ ಹುಡುಕಿ ಆಗಿತ್ತು.

"ನಾಟ್ ವುಡ್, ಅಜ್ಜ. ಆನೆದಂತ, ಪ್ರಾಣಿಗಳ ಹಲ್ಲು... ಗುಲಾಮರಿಂದ ಕೊಂಡ ಹಲ್ಲೂ ಇದ್ದಿರಬಹುದಂತೆ."

ನಮ್ಮ ಕಾಲದಲ್ಲಿ ಅಪ್ಪ ಹೇಳಿದರೆ ಮುಗಿಯಿತು, ಅದೇ ಸತ್ಯ. ಈಗಿನ ಮಕ್ಕಳು ಅಜ್ಜ ಹೇಳಿದ್ದನ್ನೂ ಹುಡುಕಿ ನೋಡುತ್ತಾರೆ. ಮೊದಲು ನನಗೆ ಸ್ವಲ್ಪ ಮುಖಭಂಗವಾಯಿತು, ನಿಜ. ಅಷ್ಟರಲ್ಲಿ ಅವಳು ಫೋನು ಕೆಳಗಿಟ್ಟು, ಯಾವ ಫೋನಿಗೂ ಗೊತ್ತಿರದ್ದನ್ನು ಕೇಳಿದಳು.

"ಹಲ್ಲು ಕೊಟ್ಟವರು ಆಮೇಲೆ ನಗ್ತಿದ್ರಾ, ಅಜ್ಜ?"

ಅಕ್ಕನನ್ನು ನಗಿಸಿ ಎಬ್ಬಿಸಲು ಅಪ್ಪ ಇದ್ದರು. ಆ ಹಲ್ಲು ಕೊಟ್ಟವರನ್ನು ನಗಿಸಲು ಯಾರಿದ್ದರೋ, ನನಗೆ ಗೊತ್ತಿಲ್ಲ.